ಕಣವೂ ಒಂದು ಕಾರ್ಖಾನೆಯೇ



ಸುಗ್ಗಿ ಮುಗಿಸಿ ರಾಶಿ ಪೂಜೆ ಮಾಡುವಾಗ ನಾವು ಭೂಮಿತಾಯಿಯನ್ನು ನೆನೆಯುತ್ತೇವೆ, ಎತ್ತುಗಳನ್ನು ನೆನೆಯುತ್ತೇವೆ. ಆ ರಾಶಿಯನ್ನು ಮಾಡಿದ ಕೈಗಳನ್ನು ನೆನೆಯುವುದು ಕಡಮೆ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಆ ಕೈಯೇ ಹೋದರೆ ಗತಿಯೇನು? ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಬೆರಳನ್ನೋ ಮುಂಗೈಯನ್ನೋ ಕಳೆದುಕೊಂಡವರು ನಿಮ್ಮ ಊರಿನಲ್ಲೋ ನೆರೆಯೂರಿನಲ್ಲೋ ಇರಬಹುದು. ಅವರ ಮಾತು ಬಂದಾಗ ನಾವು “ಹಣೆಬರಹ” ಎನ್ನುತ್ತೇವೆ. ಇಲ್ಲವೆ “ಎಚ್ಚರ ತಪ್ಪಿದ” ಎನ್ನುತ್ತೇವೆ. ಈ ಎರಡು ಮಾತುಗಳೂ ನಮ್ಮ ಹೊಣೆಯನ್ನು ಜಾರಿಸಿಕೊಳ್ಳುವ ಮಾತುಗಳು. ಎಷ್ಟೋ ಅಪಘಾತಗಳು ಯಂತ್ರ ಚಾಲೂ ಆಗುವ ಮೊದಲೇ, ಕೆಲಸ ಏರ್ಪಡಿಸಿದ ಯಜಮಾನನ ತೀರ್ಮಾನದಲ್ಲೇ ಸಿದ್ಧವಾಗಿರುತ್ತವೆ.

ಪಟ್ಟಣದ ಗಿರಣಿ, ಕಾರ್ಖಾನೆಗಳಲ್ಲಿ ತಿರುಗುವ ಚಕ್ರ, ಬೆಲ್ಟುಗಳಿಗೆ ಕವಚವಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಅದನ್ನು ನೋಡಲು ಇನ್‌ಸ್ಪೆಕ್ಟರರನ್ನೂ ನೇಮಿಸಿತು. ಹೊಲಕ್ಕೆ ಅಂಥ ಇನ್‌ಸ್ಪೆಕ್ಟರರು ಬರಲಿಲ್ಲ. ಆದರೆ ಯಂತ್ರಗಳು ಬಂದವು. ಸೂರಿನ ಕೆಳಗೆ ಓಡುವ ಬೆಲ್ಟಿಗೂ ಬಯಲಿನಲ್ಲಿ ಓಡುವ ಬೆಲ್ಟಿಗೂ ವ್ಯತ್ಯಾಸವಿಲ್ಲ. ಮೋಟಾರು, ಟ್ರ್ಯಾಕ್ಟರು ಬಂದ ದಿನವೇ ನಮ್ಮ ಕಣ ಕಾರ್ಖಾನೆಯಾಯಿತು. ಅದರ ಮಾಲೀಕರೂ ನಾವೇ, ಇನ್‌ಸ್ಪೆಕ್ಟರರೂ ನಾವೇ ಆಗಬೇಕು.

ಒಕ್ಕಣೆ ಯಂತ್ರವನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶಗಳ ಗೋಧಿ ಸೀಮೆಯಲ್ಲಿ ಈ ಯಂತ್ರ ಬೇಗನೆ ಹರಡಿತು. ಅದರೊಡನೆ ಕೈ ಕಳೆದುಕೊಂಡವರ ಸಂಖ್ಯೆಯೂ ಏರಿತು. ಕೊನೆಗೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ತಯಾರಿಕೆಗೆ ಕಟ್ಟುಪಾಡು, ಗಾಯಗೊಂಡ ಕೂಲಿಗಾರನಿಗೆ ಪರಿಹಾರ, ಇವು ಅದರ ಉದ್ದೇಶಗಳು.

ಸಿವುಡನ್ನು ತಳ್ಳುವ ತಗಡಿನ ದೋಣಿಗೂ ಭಾರತೀಯ ಮಾನಕದಲ್ಲಿ ಅಳತೆ ಗೊತ್ತುಮಾಡಿದೆ. ದೋಣಿಯ ಉದ್ದ ಕನಿಷ್ಠ 90 ಸೆಂಟಿಮೀಟರ್ ಇರಬೇಕು. ಅದರಲ್ಲಿ ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು. ಈ ಅಳತೆಯ ಅರ್ಥ ಸರಳ. ದೋಣಿಯ ತುದಿಯಲ್ಲಿ ನಿಂತವನ ಕೈ ಡ್ರಮ್ಮಿನವರೆಗೆ ಎಟುಕಬಾರದು. ದಣಿದ ಮನುಷ್ಯನಿಗೆ ಎಚ್ಚರ ತಪ್ಪಬಹುದು. ತಗಡಿನ ಅಳತೆ ತಪ್ಪುವುದಿಲ್ಲ.

ಆದರೆ ಕಣದಲ್ಲಿ ನಡೆಯುವುದೇನು? ತೆನೆ ಹಸಿಯಾಗಿದ್ದರೆ ದೋಣಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಮುಚ್ಚಳವನ್ನು ಬಿಚ್ಚಿ ಪಕ್ಕಕ್ಕಿಡುತ್ತೇವೆ. ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವುದರಿಂದ ಒಂದು ಗಂಟೆಯಲ್ಲಿ ಎರಡು ಮೂಟೆ ಹೆಚ್ಚು ಬೀಳಲೆಂದು ಆಳಿನ ಬೆನ್ನು ಹತ್ತುತ್ತೇವೆ. ಮೋಡ ಕವಿದರೆ ರಾತ್ರಿಯೂ ಟ್ರ್ಯಾಕ್ಟರಿನ ದೀಪದಲ್ಲಿ ಕೆಲಸ ಸಾಗುತ್ತದೆ. ಬೆಳಗಿನಿಂದ ನಿಂತವನೇ ರಾತ್ರಿಯೂ ಸಿವುಡು ಕೊಡುತ್ತಾನೆ. ಇಷ್ಟೆಲ್ಲ ಏರ್ಪಾಡು ಮಾಡಿದವರು ನಾವು. ಕೈ ಹೋದ ಮೇಲೆ ಎಚ್ಚರ ತಪ್ಪಿದವನು ಮಾತ್ರ ಅವನು! ಇದು ನ್ಯಾಯವೇ?

ಟ್ರ್ಯಾಕ್ಟರಿನ ಹಿಂಭಾಗದಿಂದ ಯಂತ್ರಕ್ಕೆ ಶಕ್ತಿ ಕೊಡುವ ಪಿ.ಟಿ.ಒ. ಶಾಫ್ಟ್ ಇದಕ್ಕಿಂತಲೂ ಮೋಸದ್ದು. ನೋಡಲು ನಯವಾದ ಒಂದು ಸರಳು. ಅದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಮೂರು ಅಂಗುಲ ದಪ್ಪದ ಶಾಫ್ಟ್ ಒಂದು ಸುತ್ತಿಗೆ ಒಂಬತ್ತು ಅಂಗುಲಕ್ಕಿಂತ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಏಳು ಅಡಿ. ಹೆಣ್ಣಾಳಿನ ಸೆರಗಿನ ತುದಿಯೋ ಹೆಗಲ ಮೇಲಿನ ಟವೆಲ್ಲೋ ತಗಲಿದರೆ “ಅಯ್ಯೋ” ಎನ್ನುವಷ್ಟರಲ್ಲಿ ಮೈ ಶಾಫ್ಟಿನ ಬಳಿಯಿರುತ್ತದೆ. ಅದಕ್ಕಾಗಿಯೇ ಅದರ ಮೇಲೆ ಕೊಳವೆಯಂಥ ಕವಚವಿರುತ್ತದೆ. ಮುರಿದ ಕವಚವನ್ನು ಮತ್ತೆ ಹಾಕಿಸದೆ ಓಡಿಸುವ ಟ್ರ್ಯಾಕ್ಟರುಗಳು ಎಷ್ಟಿವೆಯೆಂದು ನಿಮ್ಮ ಊರಿನಲ್ಲೇ ಎಣಿಸಿ ನೋಡಿ.

ಎಚ್ಚರಿಕೆಯ ಮಾತಿಗಿಂತ ಯಂತ್ರದ ಏರ್ಪಾಡೇ ಹೆಚ್ಚು ಜೀವ ಉಳಿಸುತ್ತದೆ ಎಂಬುದಕ್ಕೆ ಸ್ವೀಡನ್ ದೇಶ ಸಾಕ್ಷಿ. ಅಲ್ಲಿ ಟ್ರ್ಯಾಕ್ಟರ್ ಮಗುಚಿ ಚಾಲಕರು ಸಾಯುವುದು ಸಾಮಾನ್ಯವಾಗಿತ್ತು. 1959ರಿಂದ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಗಟ್ಟಿ ಕಬ್ಬಿಣದ ಚೌಕಟ್ಟು ಕಡ್ಡಾಯವಾಯಿತು. ಮುಂದಿನ ದಶಕಗಳಲ್ಲಿ ಅಂಥ ಸಾವುಗಳು ಬಹುಮಟ್ಟಿಗೆ ನಿಂತವು. ಅಲ್ಲಿನ ಚಾಲಕರು ಒಮ್ಮೆಗೇ ಜಾಣರಾದರೆಂದಲ್ಲ. ತಪ್ಪಿದರೂ ಬದುಕುವ ವ್ಯವಸ್ಥೆ ಬಂತು.

ಇನ್ನು ಸಿಂಪಡಣೆಯ ಮಾತು. ನಾವು ಅದನ್ನು ಔಷಧಿ ಎನ್ನುತ್ತೇವೆ, ಅದು ವಿಷ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಚೀಟಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ಘೋರ ವಿಷ; ಹಳದಿ ಅದಕ್ಕಿಂತ ತುಸು ಕಡಮೆ; ನೀಲಿ ಮಧ್ಯಮ; ಹಸಿರು ಅಲ್ಪ ವಿಷ. ಓದಲು ಬಾರದವನಿಗೂ ಬಣ್ಣ ತಿಳಿಯುತ್ತದೆ. ಆದರೆ ಕ್ಯಾನು ಹೊರುವವನಿಗೆ ನಾವು ಡಬ್ಬಿಯನ್ನೇ ತೋರಿಸುವುದಿಲ್ಲ. ಬೆರೆಸಿದ ನೀರನ್ನು ಕೊಡುತ್ತೇವೆ.

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದವರ ಪೈಕಿ 20ಕ್ಕೂ ಹೆಚ್ಚು ಮಂದಿ ಸತ್ತರು; ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ರೈತರೂ ಇದ್ದರು, ಕೂಲಿಕಾರರೂ ಇದ್ದರು. ಆ ವರ್ಷ ಗಿಡಗಳು ಎತ್ತರ ಬೆಳೆದಿದ್ದವು. ವಿಷ ಮುಖದ ಮೇಲೆಯೇ ಬೀಳುತ್ತಿತ್ತು. ವಿಷ ಹೊಟ್ಟೆಗೆ ಹೋದರೆ ಮಾತ್ರ ಅಪಾಯವೆಂದು ತಿಳಿಯಬೇಡಿ. ಬೆವೆತ ಚರ್ಮದ ಮೂಲಕವೂ ಅದು ಒಳಗೆ ಇಳಿಯುತ್ತದೆ.

“ಕೈಚೀಲ, ಮುಖವಾಡ ಕೊಟ್ಟರೂ ಅವರು ಹಾಕಿಕೊಳ್ಳುವುದಿಲ್ಲ” ಎಂದು ನೀವು ಹೇಳಬಹುದು. ಮಾತು ನಿಜವೇ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಕೆಲಸ ಮಾಡುವುದು ಯಾರಿಗೂ ಆಗದು. ಹಾಗಾದರೆ ಮಧ್ಯಾಹ್ನ ಸಿಂಪಡಣೆ ಇಟ್ಟುಕೊಂಡವರು ಯಾರು? ಇಷ್ಟು ಕ್ಯಾನಿಗೆ ಇಷ್ಟು ದುಡ್ಡು ಎಂದು ಗುತ್ತಿಗೆ ಮಾತಾಡಿ ಅವಸರ ಹುಟ್ಟಿಸಿದವರು ಯಾರು? ಬೆಳಗಿನ ತಂಪಿನಲ್ಲಿ, ದಿನಗೂಲಿಯ ಲೆಕ್ಕದಲ್ಲಿ, ಮೊದಲು ನೀವೇ ಹಾಕಿಕೊಂಡು ತೋರಿಸಿ ಕೆಲಸ ಮಾಡಿಸಿ ನೋಡಿ. ಯಜಮಾನ ಮಾಡಿದ್ದನ್ನು ಆಳು ಮಾಡುತ್ತಾನೆ, ಹೇಳಿದ್ದನ್ನಲ್ಲ.

ಆದುದರಿಂದ ಈ ಸುಗ್ಗಿಯಿಂದಲೇ ಕೆಲವು ಕಟ್ಟುಪಾಡುಗಳನ್ನು ನಾವಾಗಿಯೇ ಹಾಕಿಕೊಳ್ಳೋಣ. ದೋಣಿಗೆ ಮುಚ್ಚಳವಿಲ್ಲದ, ಶಾಫ್ಟಿಗೆ ಕವಚವಿಲ್ಲದ ಯಂತ್ರವನ್ನು ಬಾಡಿಗೆಗೆ ತರಬಾರದು. ಹತ್ತು ಮಂದಿ ರೈತರು ಬೇಡವೆಂದರೆ ಯಂತ್ರದವನು ತಾನೇ ಹಾಕಿಸುತ್ತಾನೆ. ಬಾಡಿಗೆಯನ್ನು ಗಂಟೆಯ ಬದಲು ಮೂಟೆಯ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳುವವರು, ಮೂಟೆಯ ಆಸೆಗೆ ಯಂತ್ರದವನೂ ಅವಸರ ಮಾಡದಂತೆ ನೋಡಿಕೊಳ್ಳಬೇಕು. ಸಿವುಡು ಕೊಡುವವರನ್ನು ಆಗಾಗ ಬದಲಾಯಿಸಬೇಕು. ಸಡಿಲ ತೋಳು, ಇಳಿಬಿದ್ದ ಸೆರಗು, ಕೈಕಡಗ, ಕುಡಿತ ಇವಕ್ಕೆ ಯಂತ್ರದ ಬಳಿ ಎಡೆಯಿಲ್ಲ. ಮಕ್ಕಳನ್ನಂತೂ ಕಣದ ಆ ಬದಿಗೆ ಬಿಡಲೇಬಾರದು. ಸಿಕ್ಕಿಕೊಂಡದ್ದನ್ನು ಬಿಡಿಸುವ ಮೊದಲು ಯಂತ್ರವನ್ನು ಪೂರ್ತಿ ನಿಲ್ಲಿಸಬೇಕು. ಸಿಂಪಡಿಸುವವನಿಗೆ ಡಬ್ಬಿಯ ಬಣ್ಣವನ್ನು ತೋರಿಸಬೇಕು, ಸಾಬೂನು ನೀರು ಒದಗಿಸಬೇಕು. ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದಲು ಬಿಡಬಾರದು.

ಇಷ್ಟಾಗಿಯೂ ಅಪಘಾತ ನಡೆದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ತುಂಡಾದ ಭಾಗವನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಜೊತೆಗೆ ಒಯ್ಯಿರಿ. ಮಂಜುಗಡ್ಡೆ ಅದಕ್ಕೆ ನೇರವಾಗಿ ತಾಗಬಾರದು. ವಿಷವೇರಿದವನ ಬಟ್ಟೆ ಕಳಚಿ, ಮೈ ತೊಳೆದು, ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಕೂಲಿಯಾಳಾಗಲಿ, ಮುಯ್ಯಾಳಾಗಲಿ, ಮನೆಯ ಮಗನೇ ಆಗಲಿ, ಬೆಳಿಗ್ಗೆ ನಮ್ಮ ಕಣಕ್ಕೆ ಎರಡು ಕೈ ಹೊತ್ತು ಬಂದವರು ಸಂಜೆ ಎರಡೂ ಕೈಗಳೊಂದಿಗೆ ಮನೆ ಸೇರಬೇಕು. ಮುಂದಿನ ರಾಶಿ ಪೂಜೆಯ ದಿನ, ರಾಶಿಯ ಸುತ್ತ ನಿಂತವರ ಕೈಗಳನ್ನೂ ಒಮ್ಮೆ ನೋಡಿ. ಅವು ಎಲ್ಲವೂ ನೆಟ್ಟಗಿದ್ದರೆ ಆ ವರ್ಷದ ಬೆಳೆ ನಿಜವಾಗಿ ಕೈಗೆ ಬಂದಂತೆ.