ಸಾಫ್ಟ್‌ವೇರ್ ಸಾಯಲಿ, ಫೈಲು ಸಾಯಬಾರದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದಿನಿಂದ ಎಲ್ಲ ಕಡೆ ಒಂದೇ ಉಪದೇಶ: ಹಳೇ ಕಂಪ್ಯೂಟರ್ ತೆಗೆದುಹಾಕಿ, ಹಳೇ ಸಾಫ್ಟ್‌ವೇರ್ ಮರೆತುಬಿಡಿ, ಅಪ್‌ಗ್ರೇಡ್ ಆಗಿ. ವಿಂಡೋಸ್ 11 ಹಾಕಿಕೊಳ್ಳಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಕೆಲವೇ ಅಪವಾದ ಬಿಟ್ಟು, ಕನಿಷ್ಠ ಎಂಟನೇ ತಲೆಮಾರಿನದಾಗಿರಬೇಕು. ಇವಿಲ್ಲದ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ಅನರ್ಹ. ಈ ಉಪದೇಶದ ಬೆನ್ನಿಗೇ ಬರುವ ಇನ್ನೊಂದು ಮಾತು ನನ್ನನ್ನು ಕೆಣಕುತ್ತದೆ: "ಇನ್ನೂ ಪೇಜ್‌ಮೇಕರ್ ಇಟ್ಕೊಂಡಿರೋರು ಇದಾರಾ?" ಇದ್ದಾರೆ. ಪುಟ ಜೋಡಿಸುವ ಆ ಹಳೇ ಸಾಫ್ಟ್‌ವೇರಿನಲ್ಲೇ ಡಿಟಿಪಿ ಕೆಲಸ ಮಾಡುವವರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿದ್ದಾರೆ, ಆಂಡರ್ಸನ್‌ಪೇಟೆಯಲ್ಲಿದ್ದಾರೆ, ಬಂಗಾರಪೇಟೆಯ ಸ್ಟೇಷನ್ ಆಸುಪಾಸಿನಲ್ಲಿದ್ದಾರೆ. ಅವರಿಗೆ ಬುದ್ಧಿ ಹೇಳುವ ಮುಂಚೆ ಅವರ ಲೆಕ್ಕವನ್ನೊಮ್ಮೆ ನೋಡಬೇಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಉಪಕರಣಕ್ಕೆ ಆಯುಸ್ಸಿದೆ, ಅದು ಮುಗಿದಾಗ ಯಾರೂ ಅಳಬೇಕಾಗಿಲ್ಲ. ಆದರೆ ಆ ಉಪಕರಣದಿಂದ ಒಬ್ಬ ಮನುಷ್ಯ ವರ್ಷಗಟ್ಟಲೆ ಮಾಡಿಟ್ಟ ಕೆಲಸವನ್ನೂ ಜೊತೆಗೆ ಚಿತೆಗೇರಿಸುವ ಹಕ್ಕು ಮಾರಿದವನಿಗಿಲ್ಲ. ಹಳೆಯ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಓಡುತ್ತಿಲ್ಲ ಎಂಬ ಗೊಣಗಾಟದ ಒಳಗಿರುವ ನಿಜವಾದ ದೂರು ಇದು. ಇದನ್ನು ಹಳಬರ ಹಠ ಎಂದುಕೊಂಡವರು ದೂರನ್ನೇ ಕೇಳಿಸಿಕೊಂಡಿಲ್ಲ.

ಕೆಜಿಎಫ್‌ನಲ್ಲಿ ಡಿಟಿಪಿ ಎಂದರೆ ಒಂದು ಭಾಷೆಯ ಕೆಲಸವಲ್ಲ. ಬೆಳಿಗ್ಗೆ ಕನ್ನಡದಲ್ಲಿ ಗೃಹಪ್ರವೇಶದ ಕಾರ್ಡು, ಮಧ್ಯಾಹ್ನ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ' ಪೋಸ್ಟರು, ಸಂಜೆ ಉರ್ದುವಿನಲ್ಲಿ ನಿಕಾಹ್ ಪತ್ರಿಕೆ, ನಡುವೆ ತೆಲುಗಿನವರ ನಾಮಕರಣ, ಏಪ್ರಿಲ್ ಬಂತೆಂದರೆ ಅಂಬೇಡ್ಕರ್ ಜಯಂತಿಯ ಬ್ಯಾನರು. ಸತ್ತವರ ಪೋಸ್ಟರಿಗೆ ಗಂಟೆಯ ಲೆಕ್ಕ. ಹೆಣ ಎತ್ತುವುದರೊಳಗೆ ಗೋಡೆಗೆ ಅಂಟಬೇಕು. ಕನ್ನಡಕ್ಕೆ ನುಡಿ ಅಥವಾ ಶ್ರೀಲಿಪಿ, ತಮಿಳಿಗೆ ಬಾಮಿನಿ ಥರದ ಫಾಂಟು, ಉರ್ದುವಿಗೆ ಇನ್‌ಪೇಜ್. ಒಂದೊಂದಕ್ಕೂ ಬೇರೆ ಕೀಲಿಮಣೆ, ಬೇರೆ ಸಂಕೇತ. ಇವೆಲ್ಲ ಒಂದೇ ಯಂತ್ರದಲ್ಲಿ ಒಂದರ ಕಾಲು ಇನ್ನೊಂದು ತುಳಿಯದ ಹಾಗೆ ಕೂರಬೇಕೆಂದರೆ ಆಪರೇಟರ್ ವರ್ಷಗಳ ಕಾಲ ಹೊಂದಿಸಿರುತ್ತಾನೆ. ಹೊಸ ಲ್ಯಾಪ್‌ಟಾಪ್ ತಂದ ದಿನ ಅವನು ಸೊನ್ನೆಯಿಂದ ಶುರುಮಾಡಬೇಕು. ಹೊಸ ಪರದೆಯಲ್ಲಿ ಹಳೆಯ ಮೆನುಗಳು ಇರುವೆಸಾಲಿನಷ್ಟು ಸಣ್ಣಗೆ ಕಾಣುತ್ತವೆ, ಹದಿನಾರು ಬಿಟ್ಟಿನ ಇನ್‌ಸ್ಟಾಲರು ಅರವತ್ನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ಬಾಯಿಯೇ ಬಿಡುವುದಿಲ್ಲ, ಹೇಗೋ ಎದ್ದುನಿಂತ ಪ್ರೋಗ್ರಾಮು ಪ್ರಿಂಟ್ ಕೊಟ್ಟ ಕೂಡಲೇ ಮಕಾಡೆ ಮಲಗುತ್ತದೆ.

ಈಗ ಪೇಜ್‌ಮೇಕರ್ ಚರಿತ್ರೆ ಸ್ವಲ್ಪ. 1985ರಲ್ಲಿ ಆಲ್ಡಸ್ ಕಂಪನಿ ಅದನ್ನು ತಂದಿತು. 1994ರಲ್ಲಿ ಆಲ್ಡಸ್ಸನ್ನೇ ಅಡೋಬಿ ಕೊಂಡಿತು. ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದೇ ವರ್ಷ ಫೆಬ್ರವರಿ 28ರಂದು ಇತ್ತ ಕೆಜಿಎಫ್‌ನ ಚಿನ್ನದ ಗಣಿ, ಭಾರತ್ ಗೋಲ್ಡ್ ಮೈನ್ಸ್, ಬಾಗಿಲು ಹಾಕಿತ್ತು. ಗಣಿ ಕೆಲಸ ಹೋದ ಮನೆಗಳ ಎಷ್ಟೋ ಹುಡುಗರು ಮಾರಿಕುಪ್ಪಂ ಲೈನಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರಾದರು. ಊರಲ್ಲೇ ಉಳಿದ ಕೆಲವರು ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಕೂತರು. ಅವರು ಕಲಿತದ್ದು ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಹೊಚ್ಚಹೊಸದಾಗಿದ್ದದ್ದನ್ನೇ. ಮೂರೇ ವರ್ಷ, 2004ರಲ್ಲಿ ಅಡೋಬಿ ಅದರ ಅಭಿವೃದ್ಧಿ ನಿಲ್ಲಿಸಿ, ತನ್ನದೇ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಕಡೆ ಬನ್ನಿ ಎಂದಿತು.

ಯಾಕೆ ಹೋಗಲಿಲ್ಲ ಎಂದು ಕೇಳುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹಳೆಯ ಕನ್ನಡ ಫಾಂಟುಗಳು ಕಂಪ್ಯೂಟರಿಗೆ ಹೇಳಿದ ಒಂದು ಜಾಣ ಸುಳ್ಳು. ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆ, ಅದರಲ್ಲೂ ಎಲ್ಲವೂ ಬಳಕೆಗೆ ಸಿಗುತ್ತಿರಲಿಲ್ಲ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿ, ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ, ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟು ಹಾಕಿದಾಗ ಮಾತ್ರ ಕಣ್ಣಿಗೆ ಕನ್ನಡ. ತುಂಡುಗಳನ್ನು ಯಾವ ಮನೆಯಲ್ಲಿ ಕೂರಿಸಬೇಕೆಂಬುದು ಒಂದೊಂದು ಕಂಪನಿಯದು ಒಂದೊಂದು ಕ್ರಮ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟೂ ಬಂತು. ಆದರೆ ಪೇಜ್‌ಮೇಕರಿಗೆ ಕೊನೆಯವರೆಗೂ ಯೂನಿಕೋಡ್ ಗೊತ್ತಾಗಲಿಲ್ಲ. ಸರಿ, ಇನ್‌ಡಿಸೈನ್‌ಗೆ ಗೊತ್ತಿತ್ತೇ? ಯೂನಿಕೋಡ್ ಕನ್ನಡವನ್ನು ಒತ್ತು ಗುಣಿತಗಳೊಂದಿಗೆ ಸರಿಯಾಗಿ ಜೋಡಿಸುವ ವ್ಯವಸ್ಥೆಯನ್ನು ಅಡೋಬಿ ಅಧಿಕೃತವಾಗಿ ಕೊಟ್ಟದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಂದರೆ 2004ರಿಂದ ಎಂಟು ವರ್ಷ ಕನ್ನಡದ ಆಪರೇಟರಿಗೆ ಹೇಳಲಾದ 'ಮುಂದೆ ಹೋಗಿ' ಎಂಬ ಮಾತಿಗೆ ಮುಂದೆ ದಾರಿಯೇ ಇರಲಿಲ್ಲ. ಇನ್‌ಡಿಸೈನಿಗೆ ಹೋದವರೂ ಅಲ್ಲಿ ಅದೇ 'ನುಡಿ 01 ಇ' ಫಾಂಟನ್ನೇ ಹಾಕಿಕೊಂಡು ಕೂತರು.

ಇನ್ನೂ ಚೋದ್ಯ ಮುಂದಿದೆ. ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ಇನ್‌ಡಿಸೈನ್ ತೆರೆಯುತ್ತಿತ್ತು, ಆದರೆ ಸಿಎಸ್6ರವರೆಗೆ ಮಾತ್ರ. 2013ರಲ್ಲಿ ಅಡೋಬಿ ಪೂರ್ತಿ ಬಾಡಿಗೆ ಪದ್ಧತಿಗೆ ಹೊರಳಿ ಇನ್‌ಡಿಸೈನ್ ಸಿಸಿ ತಂದಾಗ ಆ ಸೌಲಭ್ಯ ತೆಗೆದುಹಾಕಿತು. ಕನ್ನಡವನ್ನು ನೆಟ್ಟಗೆ ಜೋಡಿಸಬಲ್ಲ, ಪೇಜ್‌ಮೇಕರ್ ಫೈಲನ್ನೂ ತೆರೆಯಬಲ್ಲ ಆವೃತ್ತಿ ಇದ್ದದ್ದು ಒಂದೇ ಒಂದು. ಆ ಒಂದೇ ಕಿಂಡಿಯಲ್ಲಿ ಬಂಗಾರಪೇಟೆಯ ಆಪರೇಟರು ತನ್ನ ಹತ್ತು ವರ್ಷದ ಕೆಲಸವನ್ನೆಲ್ಲ ದಾಟಿಸಬೇಕಿತ್ತು. ಹಾಗೆಂದು ಅವನಿಗೆ ಯಾರೂ ಹೇಳಲಿಲ್ಲ. ಮ್ಯಾಕ್ ಇಟ್ಟುಕೊಂಡವರಿಗೆ ಆ ಸೇತುವೆಯೂ ಉಳಿಯಲಿಲ್ಲ: ಇನ್‌ಡಿಸೈನ್ ಸಿಎಸ್6 ಮೂವತ್ತೆರಡು ಬಿಟ್ಟಿನದು, 2019ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್ ಆವೃತ್ತಿ ಕ್ಯಾಟಲಿನಾ ಅಂಥವನ್ನೆಲ್ಲ ಒಂದೇ ಏಟಿಗೆ ಹೊರಹಾಕಿತು. ಫೈಲು ಮಾಡಿದ ಸಾಫ್ಟ್‌ವೇರೂ, ತೆರೆಯಲಾರೆ ಎನ್ನುವ ಸಾಫ್ಟ್‌ವೇರೂ ಒಂದೇ ಕಂಪನಿಯವು. ಇದನ್ನು ಕಾಲಧರ್ಮ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಇದು ಯಾರೋ ಕೂತು ಮಾಡಿದ ತೀರ್ಮಾನ.

ಎದುರು ವಾದಗಳಲ್ಲಿ ಮೂರಕ್ಕೆ ನಾನು ತಲೆಬಾಗುತ್ತೇನೆ. ಮೊದಲನೆಯದು ಭದ್ರತೆ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿತು. ಊರಿನವರ ಪೆನ್‌ಡ್ರೈವುಗಳೆಲ್ಲ ಬಂದುಹೋಗುವ ಅಂಗಡಿಯಲ್ಲಿ ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಸಿಕ್ಕಿಸುವುದು ಅಪಾಯ. ಭದ್ರತಾ ತೇಪೆ ಹಾಕದ ಯಂತ್ರಗಳ ಗತಿ ಏನೆಂಬುದನ್ನು 2017ರ ಮೇ ತಿಂಗಳ ವನ್ನಾಕ್ರೈ ಕುತಂತ್ರಾಂಶದ ಹಾವಳಿ ಜಗತ್ತಿಗೇ ತೋರಿಸಿತು. ಒಪ್ಪಿದೆ. ಆದರೆ ಇದು ಯಂತ್ರ ಬದಲಿಸಬೇಕೆಂಬ ವಾದ. ಫೈಲು ಬಿಡಬೇಕೆಂಬುದು ಇದರಿಂದ ಸಿದ್ಧವಾಗುವುದಿಲ್ಲ.

ಎರಡನೆಯದು ತಯಾರಕರ ಕಷ್ಟ. ಆಪಲ್ 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಲ್ಲಿ ಇಂಟೆಲ್‌ನಿಂದ ತನ್ನದೇ ಎಂ1ಗೆ ಹಾರಿತು. ಪ್ರತಿ ಸಲವೂ ಹಳೆಯದನ್ನು ಓಡಿಸಲು ರೊಸೆಟಾ ಎಂಬ ದುಭಾಷಿಯನ್ನು ಕೊಟ್ಟಿತು. ಮೊದಲನೆಯದನ್ನು 2011ರಲ್ಲಿ ವಾಪಸ್ಸೂ ಪಡೆಯಿತು. ಪ್ರತಿ ಚಿಪ್ಪಿಗೂ ಹಳೆಯ ಪ್ರೋಗ್ರಾಮನ್ನು ಹೊಂದಿಸುತ್ತ ಕೂರುವುದು ದೊಡ್ಡವರಿಗೇ ಭಾರ. ಹತ್ತು ಜನರ ಭಾರತೀಯ ಕಂಪನಿಗೆ ಅಸಾಧ್ಯ. ಇದೂ ನಿಜ. ಅದಕ್ಕೇ ನಾನು ಶಾಶ್ವತ ಸಾಫ್ಟ್‌ವೇರ್ ಕೇಳುತ್ತಿಲ್ಲ. ಕೇಳುವುದು ಅಂಗಡಿ ಮುಚ್ಚುವಾಗ ಫೈಲಿನ ಒಳರಚನೆಯ ವಿವರವನ್ನು, ಫಾಂಟಿನಲ್ಲಿ ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂಬ ಪಟ್ಟಿಯನ್ನು ಬಹಿರಂಗಪಡಿಸಿ ಹೋಗಿ ಎಂದಷ್ಟೇ. ಸತ್ತ ಸರಕಿನ ಗುಟ್ಟು ಕಾಯುವುದರಿಂದ ಯಾರಿಗೂ ಲಾಭವಿಲ್ಲ.

ಮೂರನೆಯ ವಾದ ಚುಚ್ಚುವಂಥದ್ದು: ನಿಮ್ಮಲ್ಲಿ ಎಷ್ಟು ಜನ ದುಡ್ಡು ಕೊಟ್ಟು ಕೊಂಡಿದ್ದೀರಿ? ಕಡಿಮೆ. ಸಣ್ಣ ಊರಿನ ಡಿಟಿಪಿ ಬೆಳೆದದ್ದೇ ಕಳ್ಳ ಸಿಡಿಯ ಮೇಲೆ. ಕದ್ದವನಿಗೆ ಮಾರಿದವನ ಮೇಲೆ ಹಕ್ಕು ಚಲಾಯಿಸುವ ಮುಖವಿಲ್ಲ. ಆದರೆ ದುಡ್ಡು ಕೊಟ್ಟವನ ಗತಿ ಏನಾಯಿತು ನೋಡಿ. ಭಾರತೀಯ ಭಾಷೆಯ ಸಾಫ್ಟ್‌ವೇರುಗಳನ್ನು ಪ್ರಾಮಾಣಿಕವಾಗಿ ಕೊಂಡವನಿಗೆ ಪೆಟ್ಟಿಗೆಯ ಜೊತೆ ಒಂದು ಡಾಂಗಲ್ ಬರುತ್ತಿತ್ತು, ಅಂಗಡಿಯವರ ಬಾಯಲ್ಲಿ 'ಲಾಕು'. ಹಳೆಯವು ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥವು. ಆ ಪೋರ್ಟೇ ಇಲ್ಲದ ಕಂಪ್ಯೂಟರ್ ಬಂದ ದಿನ ಬಿಲ್ಲು, ಲೈಸೆನ್ಸು, ಲಾಕು ಎಲ್ಲ ಇದ್ದವನ ಸಾಫ್ಟ್‌ವೇರ್ ನಿಂತಿತು. ಲಾಕು ಮುರಿದ ಕಳ್ಳ ಪ್ರತಿ ಇಟ್ಟುಕೊಂಡವನದು ಓಡುತ್ತಲೇ ಇತ್ತು! ಕಳ್ಳನನ್ನು ತಡೆಯಲೆಂದು ಹಾಕಿದ ಬೀಗ ಯಜಮಾನನನ್ನೇ ಹೊರಗೆ ನಿಲ್ಲಿಸಿತು. ಇಂಥ ವ್ಯವಸ್ಥೆಯ ಪರವಾಗಿ ಪ್ರಾಮಾಣಿಕತೆಯ ಪಾಠ ಹೇಳುವುದಕ್ಕೆ ಧೈರ್ಯ ಬೇಕು.

ಇನ್ನು, ಮೊಬೈಲ್ ಆಪಿನಲ್ಲಿ ಐದು ನಿಮಿಷಕ್ಕೆ ಕಾರ್ಡು ಆಗುತ್ತದೆ ಎನ್ನುವವರು ತಮ್ಮ ಮಗಳ ಮದುವೆಗೆ ಮೂರು ಲಿಪಿಯಲ್ಲಿ ಐನೂರು ಕಾರ್ಡು ಮಾಡಿಸಿ ನೋಡಲಿ.

ಅಂಗಡಿ ಮುಚ್ಚುವಾಗ ಫೈಲಿನ ಗುಟ್ಟು ಬಿಟ್ಟುಕೊಡಿ ಎಂಬುದು ಆದರ್ಶದ ಮಾತಾಯಿತೇ? ಕೆಜಿಎಫ್‌ನಲ್ಲೇ ಉತ್ತರವಿದೆ. ಅಲ್ಲಿನ ಸೈನೈಡ್ ದಿಬ್ಬಗಳು ಸಿನಿಮಾ ನೋಡಿದವರಿಗೆ ಬೂದಿ ಬಣ್ಣದ ಹಿನ್ನೆಲೆ, ಊರಿನವರಿಗೆ ಗಾಳಿ ಬೀಸಿದಾಗ ಕಣ್ಣಿಗೆ ಬೀಳುವ ಧೂಳು. ಅದಿರು ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಪುಡಿಯದು. ಆ ಕಾಲದ ವಿಧಾನಕ್ಕೆ ಸಿಗದ ಒಂದಿಷ್ಟು ಚಿನ್ನ ಅದರಲ್ಲಿ ಉಳಿದುಹೋಗಿದೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಇಂಥ 13 ದಿಬ್ಬಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿತು. ಅದರಿಂದ ಊರಿಗೆ ಒಳಿತೋ ಕೆಡುಕೋ, ಅದು ಬೇರೆ ಜಗಳ. ಗಮನಿಸಬೇಕಾದದ್ದು ಇಷ್ಟು: ಆ ದಿಬ್ಬ ಬಗೆಯಲು, ಗಣಿಗಾರಿಕೆಗೆಂದು 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಯಂತ್ರವೇ ಬೇಕೆಂದು ಯಾರೂ ಹೇಳುವುದಿಲ್ಲ. ಹೊಸ ಯಂತ್ರ, ಹೊಸ ರಸಾಯನ ತಂದವನಿಗೆ ಹಳೆಯ ಮಣ್ಣು ಬೀಗ ತೋರಿಸುವುದಿಲ್ಲ. ಗಣಿ ಸತ್ತರೂ ಗಣಿಯ ಶೇಷ ಸಾಯಲಿಲ್ಲ. ಅದೇ ಊರಿನ ಕಾರ್ಮಿಕ ಸಂಘದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಚರ್ಚಿನ ಹಬ್ಬದ ಪುಸ್ತಕ ಗೀರುಬಿದ್ದ ಸಿಡಿಯಲ್ಲಿ ಕೂತಿದ್ದರೆ, ಅದನ್ನು ಬಗೆಯಲು ಹೊಸ ಯಂತ್ರ ತಂದಷ್ಟಕ್ಕೇ ಆಗುವುದಿಲ್ಲ. ಮಣ್ಣಿಗಿರುವ ಉದಾರತೆ ಫೈಲಿಗೆ ಇಲ್ಲವೆಂದಾದರೆ ಅದು ತಂತ್ರಜ್ಞಾನದ ಮಿತಿಯಲ್ಲ, ವ್ಯಾಪಾರದ ಬುದ್ಧಿ.

ಬೇರೆ ಬುದ್ಧಿಯೂ ಸಾಧ್ಯ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1978ರಲ್ಲಿ ಮೊದಲು ಹೊರತಂದ ಟೆಕ್ ಎಂಬ ಅಚ್ಚುಜೋಡಣೆಯ ಸಾಫ್ಟ್‌ವೇರನ್ನು ಬೇಕೆಂದೇ ಬದಲಾಗದ ಹಾಗೆ ನಿಲ್ಲಿಸಿದರು. ಎಂಬತ್ತರ ದಶಕದ ಅದರ ಫೈಲುಗಳು ಇಂದಿಗೂ ಪುಟವಾಗುತ್ತವೆ. ಪೇಜ್‌ಮೇಕರ್ ಫೈಲನ್ನೇ ತೆಗೆದುಕೊಳ್ಳಿ: ಕಂಪನಿ ಬಿಟ್ಟುಹೋದ ಗುಟ್ಟನ್ನು ಸ್ವಯಂಸೇವಕರು ಒಂದೊಂದೇ ಬೈಟು ಓದಿ ಬಿಡಿಸಿ ಲಿಬ್‌ಪೇಜ್‌ಮೇಕರ್ ಎಂಬ ಉಪಕರಣ ಮಾಡಿದರು; ಅದನ್ನು ಬಳಸಿ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶ ಅಂಥ ಫೈಲುಗಳನ್ನು ತೆರೆಯುತ್ತದೆ. ಹೊಂದಾಣಿಕೆಗೆ ಬೇಕಾದಷ್ಟು ಮಾಹಿತಿ ಬಗೆದು ತಿಳಿಯಲು ನ್ಯಾಯವಾಗಿ ಕೊಂಡವನಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮೂ ಅವಕಾಶ ಕೊಟ್ಟಿದೆ. ಕಂಪನಿ ಮಾಡಬಹುದಾಗಿದ್ದದ್ದನ್ನು ಕಂಪನಿಯಿಂದ ಕಾಸೂ ಪಡೆಯದವರು ಮಾಡಿದ್ದಾರೆ.

ಆದರೆ ಅಡೋಬಿಯನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕನ್ನಡದ ವ್ಯಾಪಾರಿಗಳೂ ಅದೇ ಬೀಗ ಹಾಕಿದರು. ಒಬ್ಬನ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬನಲ್ಲಿ ಕಲಸುಮೇಲೋಗರವಾಗಲಿ ಎಂಬುದೇ ಅವರ ವ್ಯಾಪಾರದ ಜೀವಾಳವಾಗಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಆ ಗೊಂದಲಕ್ಕೆ ಒಂದಿಷ್ಟು ಕಡಿವಾಣ ಹಾಕಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಎರಡೂ ಯೂನಿಕೋಡಿಗೆ ಬಂದು ಬಹಳ ಕಾಲವಾಯಿತು. ಪರಿವರ್ತಕಗಳೂ ಇವೆ. ಆದರೆ ಅವು ಪಠ್ಯವನ್ನು ದಾಟಿಸುತ್ತವೆ, ಪುಟವನ್ನಲ್ಲ. ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಕಣ್ಣಿಟ್ಟು ತಿದ್ದಬೇಕು. ಪಿಡಿಎಫ್ ಮಾಡಿಟ್ಟಿದ್ದೇವೆ ಎಂದು ನೆಮ್ಮದಿಯಾಗಿರುವ ಸಂಸ್ಥೆಗಳೂ ಒಮ್ಮೆ ತಮ್ಮ ಪಿಡಿಎಫ್‌ನಲ್ಲಿ ಒಂದು ಕನ್ನಡ ಪದ ಹುಡುಕಿ ನೋಡಲಿ. ಹಳೆಯ ಫಾಂಟಿನಿಂದ ಮಾಡಿದ್ದರೆ ಅದು ನೋಡಲು ಕನ್ನಡ, ಹುಡುಕಲು ಕಸ.

ಆದ್ದರಿಂದ ಕೆಲಸ ಎರಡು ಕಡೆಯದು. ಸರ್ಕಾರ, ವಿಶ್ವವಿದ್ಯಾಲಯ, ಅಕಾಡೆಮಿಗಳು ಇನ್ನು ಮುಂದೆ ಯಾವ ಸಾಫ್ಟ್‌ವೇರ್ ಕೊಂಡರೂ ಕರಾರಿನಲ್ಲಿ ಒಂದು ಸಾಲು ಸೇರಿಸಬೇಕು: ಬೆಂಬಲ ನಿಲ್ಲಿಸಿದ ದಿನ ಫೈಲಿನ ರಚನೆ ಸಾರ್ವಜನಿಕ. ಪುಸ್ತಕಗಳ ಸಗಟು ಖರೀದಿಗೆ ಇಷ್ಟು ಷರತ್ತು ಹಾಕುವ ಸರ್ಕಾರಕ್ಕೆ ಇದೊಂದು ಹೆಚ್ಚಲ್ಲ. ಇತ್ತ ಆಪರೇಟರುಗಳು ಮುಗಿದ ಕೆಲಸದ ಪಠ್ಯವನ್ನು ಯೂನಿಕೋಡಿನಲ್ಲಿ ಬೇರೆಯಾಗಿ ಉಳಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಪುಟದ ಅಂದ ಮತ್ತೆ ಕಟ್ಟಬಹುದು, ಅಕ್ಷರ ಹೋದರೆ ಹೋಯಿತು.

ಪೇಜ್‌ಮೇಕರ್ ನೋಡಿ ನಗುವ ಹುಡುಗರಿಗೂ ಒಂದು ಮಾತು. ನಿಮ್ಮ ವಿನ್ಯಾಸಗಳು ಇಂದು ತಿಂಗಳ ಬಾಡಿಗೆಯ ಮೇಲೆ ಯಾರದೋ ಸರ್ವರಿನಲ್ಲಿವೆ. ಹಳೆಯ ಆಪರೇಟರನ ಕೈಯಲ್ಲಿ ಕನಿಷ್ಠ ಒಂದು ಸಿಡಿಯಾದರೂ ಇದೆ, ಬಿಡಿಸಲು ಸ್ವಯಂಸೇವಕರಿಗೆ ಒಂದು ಫೈಲಾದರೂ ಸಿಕ್ಕಿತು. ಬಾಡಿಗೆ ಕಟ್ಟದ ತಿಂಗಳು ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂದು ಇವತ್ತೇ ಲೆಕ್ಕ ಹಾಕಿ. ಉತ್ತರ 'ಏನೂ ಇಲ್ಲ' ಎಂದಾದರೆ ನೀವು ಅಪ್‌ಗ್ರೇಡ್ ಆಗಿಲ್ಲ. ಅದೇ ಬೀಗದ ಹೊಸ ಆವೃತ್ತಿಗೆ ಗಿರಾಕಿಯಾಗಿದ್ದೀರಿ, ಅಷ್ಟೇ.