ಎದೆಗೆ ಬಿದ್ದ ಪೆಟ್ಟು ಮತ್ತು ಶಾಲೆಯ ಹೊಣೆ

ಕ್ರೀಡಾಂಗಣವು ಮಕ್ಕಳ ದೇಹವನ್ನು ಬಲಪಡಿಸುವ ತಾಣವೆಂದು ನಾವೆಲ್ಲರೂ ನಂಬಿದ್ದೇವೆ. ಆ ನಂಬಿಕೆ ಸರಿಯಾದುದೇ. ಆದರೆ ಆಟದ ನಡುವೆ ಎದೆಗೆ ಬೀಳುವ ಒಂದು ಪೆಟ್ಟು, ಎಲುಬನ್ನು ಮುರಿಯದೆಯೇ, ಆರೋಗ್ಯವಂತ ಬಾಲಕನ ಹೃದಯವನ್ನು ನಿಲ್ಲಿಸಬಲ್ಲದೆಂಬ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಇದನ್ನು ಅರಿತು ಸಿದ್ಧರಾಗಿರುವುದು ಪ್ರತಿಯೊಂದು ಶಾಲೆಯ ಕರ್ತವ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಇಂತಹ ಪೆಟ್ಟಿನಿಂದ ಹೃದಯಕ್ಕೆ ಒದಗುವ ಅಪಾಯ ಒಂದೇ ಬಗೆಯದಲ್ಲ. ವಾಹನ ಅಪಘಾತದಲ್ಲಿ ಸ್ಟೀರಿಂಗ್ ಚಕ್ರ ಎದೆಗೆ ಅಪ್ಪಳಿಸಿದಾಗ ಹೃದಯದ ಸ್ನಾಯು ಜಜ್ಜಿಹೋಗಬಹುದು, ಕವಾಟ ಹರಿಯಬಹುದು. ಆಟದ ಬಯಲಿನಲ್ಲಿ ಸಂಭವಿಸುವುದನ್ನು ವೈದ್ಯರು ‘ಕಮೋಷಿಯೊ ಕಾರ್ಡಿಸ್’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಹೃದಯದ ಕ್ಷೋಭೆ ಎಂದರ್ಥ. ಇಲ್ಲಿ ಹೃದಯದ ಮೇಲೆ ಗಾಯ ಕಾಣುವುದಿಲ್ಲ. ಪ್ರತಿಯೊಂದು ಬಡಿತದಲ್ಲಿಯೂ ಸೆಕೆಂಡಿನ ಸುಮಾರು 50ನೆಯ ಒಂದು ಭಾಗದಷ್ಟು ಸೂಕ್ಷ್ಮವಾದ ಅವಧಿಯೊಂದುಂಟು. ಹೃದಯದ ನೇರಕ್ಕೆ ಪೆಟ್ಟು ಬಿದ್ದು, ಅದು ಆ ಅವಧಿಯಲ್ಲಿಯೇ ತಗುಲಿದರೆ, ಹೃತ್ಕುಕ್ಷಿಗಳು ಲಯ ತಪ್ಪಿ ಬರಿದೆ ಕಂಪಿಸತೊಡಗುತ್ತವೆ, ರಕ್ತಸಂಚಾರ ನಿಲ್ಲುತ್ತದೆ. 1998ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ, ಹಂದಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ಎಳೆಯರ ಎದೆಗೂಡು ಮೆದುವಾಗಿ ಬಾಗುವುದರಿಂದ ಅವರಿಗೇ ಅಪಾಯ ಹೆಚ್ಚು.

2023ರ ಜನವರಿ 2ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಆ ದೇಶದ ಫುಟ್‌ಬಾಲ್ ಪಂದ್ಯವೊಂದು ನಡೆದಿತ್ತು. ಬಫಲೋ ಬಿಲ್ಸ್ ತಂಡದ 24 ವರ್ಷದ ಡೇಮರ್ ಹ್ಯಾಮ್ಲಿನ್ ಎದುರಾಳಿಯನ್ನು ಕೆಡವಿ ಎದ್ದು ನಿಂತವರು, ಮರುಕ್ಷಣವೇ ಕುಸಿದರು. ಮೈದಾನದಲ್ಲಿದ್ದ ಸಿಬ್ಬಂದಿ ಅಲ್ಲಿಯೇ ಅವರ ಎದೆಯನ್ನೊತ್ತಿ, ಡಿಫಿಬ್ರಿಲೇಟರ್ ಯಂತ್ರದಿಂದ ವಿದ್ಯುದಾಘಾತ ನೀಡಿ ಹೃದಯವನ್ನು ಲಯಕ್ಕೆ ತಂದರು. ಹತ್ತು ದಿನಗಳೊಳಗೆ ಆಸ್ಪತ್ರೆಯಿಂದ ಹೊರಬಂದ ಹ್ಯಾಮ್ಲಿನ್ ಅದೇ ವರ್ಷ ಪುನಃ ಆಟಕ್ಕಿಳಿದರು. ಅವರ ಜೀವ ಉಳಿದುದು ಮೈದಾನದಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ.

ನಮ್ಮ ಶಾಲೆಗಳ ಬಯಲಿನಲ್ಲಿ ಇಂತಹುದು ನಡೆದರೆ ಏನಾದೀತು? ಚರ್ಮದ ಚೆಂಡು ಎದೆಗೆ ತಗುಲಿ ಹುಡುಗ ಬಿದ್ದನೆನ್ನಿ. ಸುತ್ತ ಜನ ಮುತ್ತುತ್ತಾರೆ. ಮುಖಕ್ಕೆ ನೀರು ಚಿಮುಕಿಸುತ್ತಾರೆ. ಕೈಕಾಲು ಅದುರಿದರೆ ಮೂರ್ಛೆರೋಗವೆಂದು ಬಗೆದು ಕೈಗೆ ಕಬ್ಬಿಣ ಕೊಡುತ್ತಾರೆ. ಬಿಕ್ಕಿದಂತೆ ಉಸಿರೆಳೆದರೆ ಜೀವವಿದೆಯೆಂದು ಸಮಾಧಾನಪಡುತ್ತಾರೆ. ಆದರೆ ಆ ಅದುರುವಿಕೆ, ಆ ಬಿಕ್ಕು, ಹೃದಯ ನಿಂತುದರ ಲಕ್ಷಣಗಳೂ ಆಗಿರಬಹುದು. ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆ. 108ಕ್ಕೆ ಕರೆ ಮಾಡಲೇಬೇಕು. ಆದರೆ ವಾಹನ ಬರುವತನಕ ಕೈಕಟ್ಟಿ ನಿಲ್ಲುವಂತಿಲ್ಲ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಬಾರಿಯಂತೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು.

ಇಷ್ಟು ಅಪರೂಪದ ಆಪತ್ತಿಗಾಗಿ ಇಷ್ಟೊಂದು ಸಿದ್ಧತೆ ಏತಕ್ಕೆಂದು ಕೆಲವರು ಕೇಳಬಹುದು. ಅಪರೂಪವೆಂಬುದು ನಿಜ. ಆದರೆ ಇದೇ ವಿದ್ಯೆ, ಇದೇ ಯಂತ್ರ, ವಾರ್ಷಿಕೋತ್ಸವಕ್ಕೆ ಬಂದ ವೃದ್ಧ ಪೋಷಕರಿಗೂ, ವಿದ್ಯುತ್ ತಗುಲಿದ ಕೆಲಸಗಾರನಿಗೂ, ಪಾಠ ಹೇಳುತ್ತಲೇ ಹೃದಯ ನಿಂತು ಕುಸಿದ ಅಧ್ಯಾಪಕರಿಗೂ ಒದಗುತ್ತದೆ. ಮಕ್ಕಳನ್ನು ಆಟದಿಂದ ದೂರವಿಡುವುದು ಪರಿಹಾರವಲ್ಲ. ಎದೆಗವಚವೊಂದನ್ನೇ ನೆಚ್ಚುವಂತೆಯೂ ಇಲ್ಲ. ಅದನ್ನು ಧರಿಸಿದ್ದವರೂ ಕುಸಿದ ನಿದರ್ಶನಗಳಿವೆ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ದೈಹಿಕ ಶಿಕ್ಷಕರೊಬ್ಬರೇ ಅಲ್ಲ, ಎಲ್ಲರೂ ಮತ್ತು ಮೇಲಿನ ತರಗತಿಗಳ ವಿದ್ಯಾರ್ಥಿಗಳೂ, ಎದೆಯೊತ್ತುವ ಕ್ರಮವನ್ನು ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಮಾಡಬೇಕು. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಕೋರಿಕೆ: ಕೊಠಡಿ ಕಟ್ಟಿಸುವ ವೆಚ್ಚದ ಒಂದು ಅಲ್ಪಾಂಶದಲ್ಲಿ ಸ್ವಯಂಚಾಲಿತ ಡಿಫಿಬ್ರಿಲೇಟರ್ ದೊರೆಯುತ್ತದೆ. ಯಾವಾಗ ಆಘಾತ ನೀಡಬೇಕೆಂಬುದನ್ನು ಆ ಯಂತ್ರವೇ ನಿರ್ಣಯಿಸಿ, ಮುಂದೇನು ಮಾಡಬೇಕೆಂದು ಮಾತಿನಲ್ಲಿ ಹೇಳುತ್ತದೆ. ಅದನ್ನು ಮುಖ್ಯೋಪಾಧ್ಯಾಯರ ಬೀರುವಿನೊಳಗೆ ಬೀಗಹಾಕಿಡದೆ, ಕ್ರೀಡಾಂಗಣದ ಸಮೀಪದಲ್ಲಿ ಎಲ್ಲರ ಕೈಗೆಟಕುವಂತೆ ಇರಿಸಬೇಕು. ಅದರ ಬ್ಯಾಟರಿಯನ್ನೂ ಪ್ಯಾಡುಗಳನ್ನೂ ಕಾಲಕಾಲಕ್ಕೆ ಬದಲಿಸುವ ಹೊಣೆ ಒಬ್ಬರದಾಗಿರಬೇಕು.

ಅಂತಹ ಕೊಡುಗೆಯ ಮೇಲೆ ದಾನಿಗಳ ಹೆಸರು ಕೆತ್ತಿಸಲು ಸ್ಥಳ ಸಾಲದು. ಅದು ಎಂದೂ ಬಳಕೆಗೆ ಬಾರದಿರಲೆಂದೇ ಹಾರೈಸೋಣ. ಆದರೆ ಒಂದು ಸಂಜೆ ಬಯಲಿನಲ್ಲಿ ಮಗುವೊಂದು ಕುಸಿದರೆ, ಅದರ ತಾಯಿಯ ಮುಂದೆ ನಿಂತು, ನಮ್ಮಿಂದಾದುದನ್ನು ಆ ನಿಮಿಷದಲ್ಲಿಯೇ ಮಾಡಿದೆವೆಂದು ಹೇಳುವ ಯೋಗ್ಯತೆ ನಮಗಿರಲಿ.