ಬೆರಕೆಯೂ ಕಲಬೆರಕೆಯೂ

ಬಾಡಿನ ಸಾರಿಗೆ ಸೊಪ್ಪು ಹಾಕುವವಳು ಒಂದೋ ಬಡವಳು, ಇಲ್ಲವೇ ಜಿಪುಣಿ ಎಂಬ ತೀರ್ಮಾನಕ್ಕೆ ನಮ್ಮ ತುಮಕೂರು ಸೀಮೆಯ ಪೇಟೆ ಜನ ಬಂದು ಎಷ್ಟೋ ಕಾಲವಾಯಿತು. ನೆಂಟರು ಊಟಕ್ಕೆ ಕೂತಾಗ ಮಟನ್ ಸಾರಿನಲ್ಲಿ ಎರಡು ಮೂಲಂಗಿ ಹೋಳು ಕಂಡರೆ ಸಾಕು, "ಇದೇನವ್ವಾ, ಬಾಡಿನ ಸಾರೋ ತರಕಾರಿ ಸಾರೋ?" ಎಂಬ ಕೊಂಕು ಬಂದೇ ಬರುತ್ತದೆ. ಕೇಳಿದವರು ನಗುತ್ತಾರೆ, ಬಡಿಸುತ್ತಿದ್ದವಳು ತಲೆ ತಗ್ಗಿಸುತ್ತಾಳೆ. ಆ ತಗ್ಗಿಸಿದ ತಲೆಯ ಪರವಾಗಿ ನಾಲ್ಕು ಮಾತು ಆಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬಾಡಿನ ಜೊತೆ ಸೊಪ್ಪು, ಕಾಳು, ತರಕಾರಿ ಬೇಯಿಸುವುದು ನಮಗೆ ಹೊಸದೇನಲ್ಲ. ಪುಷ್ಯ ಮಾಸದಲ್ಲಿ ಸೊಗಡವರೆ ಬಂತೆಂದರೆ ಕುಣಿಗಲ್, ಗುಬ್ಬಿಯ ಮನೆಗಳಲ್ಲಿ ಹಿತಕಿದ ಅವರೆಬೇಳೆಗೆ ಬಾಡು ಬೀಳಲೇಬೇಕು. ಬೋಟಿ ಗೊಜ್ಜಿಗೆ ಕಡಲೆಕಾಳು ಇಲ್ಲದಿದ್ದರೆ ಅದು ಗೊಜ್ಜೇ ಅಲ್ಲ. ಒಣಮೀನಿಗೆ ಬದನೆಕಾಯಿ, ಕೆರೆ ಮೀನಿಗೆ ಮಾವಿನಕಾಯಿ, ನಾಟಿ ಕೋಳಿಗೆ ಆಲೂಗಡ್ಡೆ, ಕೈಮಾಕ್ಕೆ ಮೆಂತ್ಯದ ಸೊಪ್ಪು ಹಾಕುವುದು ಯಾವ ಪುಸ್ತಕ ಓದಿ ಕಲಿತದ್ದೂ ಅಲ್ಲ. ಕೈಮಾ ಉಂಡೆಯನ್ನೇ ತೆಗೆದುಕೊಳ್ಳಿ. ಹುರಿಗಡಲೆ, ತೆಂಗಿನಕಾಯಿ, ಈರುಳ್ಳಿ, ಕೊತ್ತಂಬರಿ, ಸಬ್ಬಸಿಗೆ ಎಲ್ಲವನ್ನೂ ಕೈಮಾದ ಜೊತೆ ಒರಳಲ್ಲಿ ತಿರುವಿ ಕಟ್ಟಿದ ಉಂಡೆ ಅದು. ಅದರಲ್ಲಿ ಬಾಡೆಷ್ಟು, ಕಡಲೆಯೆಷ್ಟು ಎಂದು ಯಾರಾದರೂ ಬಿಡಿಸಿ ಹೇಳಲಿ ನೋಡೋಣ! ಎಂಟು ಜನರ ಮನೆಗೆ ಅರ್ಧ ಕಿಲೋ ಬಾಡು ತಂದು, ಎಂಟು ಜನರಿಗೂ ಅದರ ರುಚಿ ತಲುಪುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಅದು ನಮ್ಮ ಅಜ್ಜಿಯರ ಗಣಿತ.

ಹಾಗಾದರೆ ಈ ನಾಚಿಕೆ ಎಲ್ಲಿಂದ ಬಂತು? ನನ್ನ ಪ್ರಕಾರ ಎರಡು ಬಾಗಿಲಿಂದ ಬಂತು. ಮೊದಲನೆಯದು ಬೀಗರೂಟದ ಚಪ್ಪರದ ಬಾಗಿಲು. ಎಲೆಯ ಮೇಲೆ ಬಿದ್ದ ತುಂಡುಗಳ ಲೆಕ್ಕದಲ್ಲಿ ಮನೆತನದ ಮರ್ಯಾದೆ ಅಳೆಯುವ ಅಭ್ಯಾಸ ಅಲ್ಲಿ ಬೆಳೆಯಿತು. ಸೊಪ್ಪು ಹಾಕಿದರೆ ತುಂಡು ಉಳಿಸಿದರು ಎಂಬ ಅಪವಾದ. ಎರಡನೆಯದು ಹೋಟೆಲಿನ ಬಾಗಿಲು. ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಾಗಲಿ ಕಣ್ಣಿಗೆ ಬೀಳುವುದು ಎರಡೇ ಬಗೆಯ ಬೋರ್ಡು. ಒಂದರಲ್ಲಿ 'ಶುದ್ಧ ಸಸ್ಯಾಹಾರಿ', ಇನ್ನೊಂದರಲ್ಲಿ 'ಮಿಲಿಟರಿ ಹೋಟೆಲ್'. ಮೊದಲನೆಯದರಲ್ಲಿ ಬಾಡಿನ ಹೆಸರೆತ್ತುವಂತಿಲ್ಲ. ಎರಡನೆಯದರಲ್ಲಿ ತರಕಾರಿ ಎಂದರೆ ತಟ್ಟೆಯಂಚಿನ ಎರಡು ಬಿಲ್ಲೆ ಈರುಳ್ಳಿ, ಒಂದು ಹೋಳು ನಿಂಬೆಹಣ್ಣು. ಮನೆಯ ಮಡಕೆಯಲ್ಲಿ ಒಟ್ಟಿಗೆ ಕುದಿಯುತ್ತಿದ್ದದ್ದನ್ನು ಪೇಟೆ ಎರಡು ಬೀದಿಯಾಗಿ ಒಡೆಯಿತು. ನಾವೂ ಆ ಬೀದಿಗಳನ್ನೇ ಅಡುಗೆಮನೆಗೆ ತಂದುಕೊಂಡೆವು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ. "ನಮ್ಮದು ಸಿದ್ಧಗಂಗೆಯ ಊರು. ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಮುದ್ದೆ, ಸಾರು ಉಂಡು ಓದಿ ದೊಡ್ಡವರಾಗಿದ್ದಾರೆ. ಬಾಡಿನ ಮಾತೇಕೆ?" ಎನ್ನುವವರಿದ್ದಾರೆ. ಆ ದಾಸೋಹಕ್ಕೆ ಕೈಮುಗಿಯದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಬಾಡು ತಿನ್ನದವರಿಗೆ ತಿನ್ನಿ ಎಂದು ನಾನು ಹೇಳುತ್ತಿಲ್ಲ. ಅವರ ಪಾತ್ರೆಗೆ ಕದ್ದು ಏನನ್ನೂ ಬೆರೆಸಬಾರದು ಎಂಬುದು ನನ್ನದೂ ಹಟ. 2001ರಲ್ಲಿ ಪೊಟ್ಟಣಗಳ ಮೇಲೆ ಹಸಿರು ಗುರುತು, ಕಂದು ಗುರುತು ಹಾಕುವ ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಈಗ ಕಂದು ಗುರುತಿನೊಳಗೆ ಚುಕ್ಕಿಯ ಬದಲು ತ್ರಿಕೋನ ಬಂದಿದೆ, ಬಣ್ಣ ಗುರುತಿಸಲಾಗದವರಿಗೂ ಅದು ತಿಳಿಯುತ್ತದೆ. ಆದರೆ ಕಾನೂನು ಗುರುತು ಹಾಕಿದ್ದು ಪೊಟ್ಟಣಕ್ಕೆ. ನಾವು ಅದನ್ನು ಮನುಷ್ಯರ ಹಣೆಗೆ ಹಾಕಲು ಹೊರಟಿದ್ದೇವೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿನಲ್ಲಿ ಸೇರಿಸಿ ನಿಷೇಧಿಸುವ ಸೂಚನೆ ಹೊರಟು, ಅದರ ಮೇಲೆ ದೊಡ್ಡ ಜಗಳವೇ ಆಯಿತು. ಹೆಂಡದ ಪಕ್ಕ ಹೋಗಿ ನಿಲ್ಲುವಂಥ ಅಪರಾಧವನ್ನು ನಮ್ಮ ಅವರೆಕಾಳು ಬಾಡು ಏನು ಮಾಡಿತ್ತು? ಆ ಜಗಳದಲ್ಲಿ ಎರಡೂ ಕಡೆ ಮಾತನಾಡಿದವರಲ್ಲಿ ಹೆಚ್ಚಿನವರು ಗಂಡಸರು ಎಂಬುದನ್ನೂ ಗಮನಿಸಿ. ಒಲೆಯ ಮುಂದೆ ನಿಂತವಳನ್ನು ಯಾರೂ ಕೇಳಲಿಲ್ಲ.

ಅವಳನ್ನು ಕೇಳಿದ್ದರೆ ಅವಳು ಬೇರೆಯದೇ ಕಥೆ ಹೇಳುತ್ತಿದ್ದಳು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ನಮ್ಮ ಕಡೆ ಗುಡ್ಡೆ ಬಾಡು ಹಾಕುವುದು ನಿಮಗೆ ಗೊತ್ತೇ ಇದೆ. ಹತ್ತಾರು ಮನೆಯವರು ದುಡ್ಡು ಸೇರಿಸಿ ಕುರಿ ತಂದು, ಕೊಯ್ದು, ಮೂಳೆ, ಮೆತ್ತನೆ ಬಾಡು, ಈಲಿ ಎಲ್ಲವೂ ಪ್ರತಿ ಗುಡ್ಡೆಗೂ ಸಮನಾಗಿ ಬೀಳುವಂತೆ ಹಂಚಿಕೊಳ್ಳುತ್ತಾರೆ. ಒಂದು ತುಂಡು ಹೆಚ್ಚು ಕಡಿಮೆಯಾದರೂ ಪಂಚಾಯಿತಿ. ಎಂಥ ನ್ಯಾಯ! ಆದರೆ ಆ ನ್ಯಾಯ ಹೊಸ್ತಿಲವರೆಗೆ ಮಾತ್ರ. ಗುಡ್ಡೆ ಮನೆಯೊಳಗೆ ಬಂದು ಸಾರಾದ ಮೇಲೆ ಸೌಟಿನ ರಾಜ್ಯ ಶುರು. ಮೊದಲ ಸೌಟು ಮಾವನಿಗೆ, ಎರಡನೆಯದು ಗಂಡನಿಗೆ, ಮೂರನೆಯದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಮೂಳೆ. ಕೊನೆಗೆ ಕೂತ ಸೊಸೆಗೆ ತಳದ ಸೊಪ್ಪು, ಸಾರು. ಕೇಳಿದರೆ ಸಿದ್ಧ ಉತ್ತರವಿದೆ: "ಅವಳಿಗೆ ಬಾಡಿಗಿಂತ ಸಾರೇ ಇಷ್ಟ." ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ ಈ ಮಾತನ್ನು! ತುಂಡು ಎಂದೂ ತಟ್ಟೆಗೆ ಬೀಳದವಳಿಗೆ ಸಾರು ಇಷ್ಟವಾಗದೆ ಇನ್ನೇನಾದೀತು?

ಇದು ಬರೀ ಬಾಯಿ ಚಪಲದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5. ಅಂದರೆ ಬಸ್ ನಿಲ್ದಾಣದಲ್ಲಿ ನಿಮ್ಮ ಪಕ್ಕ ನಿಂತ ಇಬ್ಬರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬಳಿಗೆ ರಕ್ತ ಸಾಲದು. ಸುಸ್ತು, ಏದುಸಿರು, ಮೆಟ್ಟಿಲು ಹತ್ತಿದರೆ ಎದೆ ಬಡಿತ. ಇವನ್ನೆಲ್ಲ ನಾವು 'ಮನೆಗೆಲಸದ ಆಯಾಸ' ಎಂದು ಹೆಸರಿಟ್ಟು ನುಂಗಿಕೊಂಡಿದ್ದೇವೆ. ಇದಕ್ಕೆ ಊಟವೊಂದೇ ಕಾರಣವಲ್ಲ. ಮುಟ್ಟಿನ ಅತಿಸ್ರಾವ, ಜಂತುಹುಳು, ಮೇಲಿಂದ ಮೇಲೆ ಬಸಿರು ಬಾಣಂತನ, ಎಲ್ಲವೂ ಇವೆ. ಆದರೆ ಊಟ ನಮ್ಮ ಕೈಯಲ್ಲಿದೆ.

ಇಲ್ಲಿಯೇ ನಮ್ಮ ಬೆರಕೆ ಸಾರು ಗೆಲ್ಲುವುದು. ಸೊಪ್ಪಿನಲ್ಲಿ, ಕಾಳಿನಲ್ಲಿ, ರಾಗಿಯಲ್ಲಿ ಕಬ್ಬಿಣಾಂಶವಿದೆ, ನಿಜ. ಆದರೆ ಅದು ಬಲು ಸಂಕೋಚದ ನೆಂಟ. ಹೊಟ್ಟೆಗೆ ಬಂದರೂ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಬಾಡಿನ ಕಬ್ಬಿಣಾಂಶಕ್ಕೆ ಆ ಸಂಕೋಚವಿಲ್ಲ. ಅಷ್ಟೇ ಅಲ್ಲ, ಸೊಪ್ಪಿನ ಜೊತೆ ಸ್ವಲ್ಪ ಮಾಂಸವನ್ನೋ ಮೀನನ್ನೋ ತಿಂದರೆ ಸೊಪ್ಪಿನ ಕಬ್ಬಿಣಾಂಶವೂ ಹೆಚ್ಚಾಗಿ ಒಳಸೇರುತ್ತದೆ. ಬಾಡು ಸೊಪ್ಪಿನ ಕೈಹಿಡಿದು ಒಳಕ್ಕೆ ಕರೆತರುತ್ತದೆ ಎನ್ನಿ. ರಾಶಿ ತುಂಡು ಬೇಕಿಲ್ಲ, ಸ್ವಲ್ಪವಾದರೂ ಸಾಕು. ಬಾಡು ತಿನ್ನದ ಮನೆಯವರು ಇದೇ ಕೆಲಸವನ್ನು ನಿಂಬೆಹಣ್ಣಿನಿಂದ, ನೆಲ್ಲಿಕಾಯಿಯಿಂದ, ಮೊಳಕೆ ಕಟ್ಟಿದ ಕಾಳಿನಿಂದ ಮಾಡಿಸಿಕೊಳ್ಳಬಹುದು. ಎರಡೂ ಮನೆಯವರು ಊಟವಾದ ತಕ್ಷಣ ಕಾಫಿ, ಟೀ ಕುಡಿಯುವುದನ್ನು ಒಂದು ಗಂಟೆಯಾದರೂ ಮುಂದಕ್ಕೆ ಹಾಕಬೇಕು. ಅವು ಕಬ್ಬಿಣಾಂಶವನ್ನು ಬಾಗಿಲಲ್ಲೇ ತಡೆಯುತ್ತವೆ. ಇನ್ನು ಬರೀ ತುಂಡೇ ತಿನ್ನುವ ಗಂಡಸರ ವಿಷಯ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರ ಸೂಚನೆಯಲ್ಲಿ ಹೆಚ್ಚುಕಡಿಮೆ ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣೇ ಇರಬೇಕೆಂದಿದೆ. ಬೀಗರೂಟದ ಎಲೆಯಲ್ಲಿ ಆ ಅರ್ಧ ಎಲ್ಲಿದೆ?

ಈಗ ಹೊರಗಿನ ಲೋಕದ ಒಂದು ಸುದ್ದಿ ಹೇಳುತ್ತೇನೆ, ನಿಮಗೆ ನಗು ಬರಬಹುದು. 2019ರಲ್ಲಿ ಅಮೆರಿಕದ ಪರ್ಡ್ಯೂ ಎಂಬ ದೊಡ್ಡ ಕೋಳಿ ಕಂಪನಿ ಕೋಳಿಮಾಂಸಕ್ಕೆ ಹೂಕೋಸು, ಕಡಲೆಕಾಳು ಬೆರೆಸಿ ಮಕ್ಕಳ ತಿಂಡಿಯಾಗಿ ಮಾರಾಟಕ್ಕಿಟ್ಟಿತು. ಅದಕ್ಕೆ ಹಿಂದಿನ ವರ್ಷ ಸೋನಿಕ್ ಎಂಬ ಹೋಟೆಲ್ ಸರಣಿ ದನದ ಮಾಂಸಕ್ಕೆ ಅಣಬೆ ಬೆರೆಸಿದ ಬರ್ಗರ್ ತಂದಿತ್ತು. ಅಲ್ಲಿ ಇವೆಲ್ಲ ಹೊಸ ಶೋಧ, ಆರೋಗ್ಯಕ್ಕೂ ಭೂಮಿಗೂ ಹಿತ ಎಂಬ ಪ್ರಚಾರ. ನಮ್ಮಲ್ಲಿ ಅದನ್ನೇ ಮಾಡಿದವಳು ಜಿಪುಣಿ! ಅಮೆರಿಕದಿಂದ ಪೊಟ್ಟಣದಲ್ಲಿ ಬಂದರೆ ತಂತ್ರಜ್ಞಾನ, ಗುಬ್ಬಿಯ ಹಿತ್ತಲಿಂದ ಬಂದರೆ ಬಡತನವೇ?

ಆದರೆ ತಂಗಿಯರೇ, ನಾಳೆ ಇಂಥ ಪೊಟ್ಟಣಗಳು ನಮ್ಮ ಅಂಗಡಿಗಳ ಫ್ರೀಜರಿನಲ್ಲೂ ಸಾಲುಗಟ್ಟಿದಾಗ ಕುಣಿದು ಕೊಳ್ಳಬೇಡಿ ಎಂದೂ ಹೇಳಬೇಕು. ಕನ್ನಡದಲ್ಲಿ ಎರಡು ಮಾತಿವೆ, ಬೆರಕೆ ಮತ್ತು ಕಲಬೆರಕೆ. ಬೆರಕೆ ಸೊಪ್ಪಿನ ಸಾರು ಎಂದರೆ ಬಾಯಲ್ಲಿ ನೀರೂರುತ್ತದೆ, ಕಲಬೆರಕೆ ಎಂದರೆ ಸಿಟ್ಟು ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಹೇಳಿ ಬೆರೆಸಿದರೆ ಬೆರಕೆ, ಮುಚ್ಚಿಟ್ಟು ಬೆರೆಸಿದರೆ ಕಲಬೆರಕೆ. ಕೈಮಾಕ್ಕೆ ಮೆಂತ್ಯ ಹಾಕಿ ಮೆಂತ್ಯದ ಕೈಮಾ ಎಂದರೆ ಅದು ಅಡುಗೆ. ಕೈಮಾಕ್ಕೆ ನೆನೆಸಿದ ಸೋಯಾ ತುರುಕಿ ಮಟನ್ ಕೈಮಾ ಎಂದು ಮಟನ್ನಿನ ದುಡ್ಡು ಕಿತ್ತರೆ ಅದು ಮೋಸ. ಮಟನ್ ಬೆಲೆ ಕಿಲೋಗೆ 700 ರೂಪಾಯಿ ದಾಟಿದ ಈ ಕಾಲದಲ್ಲಿ ಆ ಮೋಸಕ್ಕೆ ಆಸೆ ಹುಟ್ಟುವುದು ಸಹಜ. ಪೊಟ್ಟಣ ಕೊಳ್ಳುವಾಗ ಮುಂಭಾಗದ ಚಿತ್ರ ನೋಡಬೇಡಿ, ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಯಾವುದು ಹೆಚ್ಚು ತೂಕವೋ ಅದನ್ನು ಮೊದಲು ಬರೆಯಬೇಕೆಂಬುದು ಕಾನೂನು. ಚಿಕನ್ ಎಂದು ದಪ್ಪಕ್ಷರದಲ್ಲಿ ಕೂಗುವ ಪೊಟ್ಟಣದ ಹಿಂಬದಿಯಲ್ಲಿ ಮೈದಾ, ಗಂಜಿಪುಡಿ, ಎಣ್ಣೆಗಳೇ ಮುಂದೆ ನಿಂತು ಕೋಳಿ ಹಿಂದೆ ಸರಿದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬೀದಿಯ ತಿಂಡಿಯೂ ಅಷ್ಟೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ ನಿಷೇಧಿಸಬೇಕಾಯಿತು. ಒಂದು ಸಸ್ಯ, ಒಂದು ಮಾಂಸ. ಬಣ್ಣ ಮಾತ್ರ ಎರಡನ್ನೂ ಬಿಟ್ಟಿರಲಿಲ್ಲ. ಅಡುಗೆಯ ಶುದ್ಧ ಅಶುದ್ಧ ಇರುವುದು ಬಾಡಿನಲ್ಲೂ ಅಲ್ಲ, ಸೊಪ್ಪಿನಲ್ಲೂ ಅಲ್ಲ, ಮಾಡುವವರ ಪ್ರಾಮಾಣಿಕತೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಬೆರಕೆ ಸಾರಿನಲ್ಲೇ ಅಲ್ಲವೇ ಹೆಂಗಸರಿಗೆ ಸೊಪ್ಪು ಉಳಿಯುವುದು? ಅದನ್ನೇ ನೀವು ಹೊಗಳುತ್ತೀರಲ್ಲ" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರವೂ ನಮ್ಮ ಅಡುಗೆಯಲ್ಲೇ ಇದೆ. ತುಂಡನ್ನು ಆರಿಸಿ ಬಡಿಸಬಹುದು, ಕೈಮಾವನ್ನು ಆರಿಸಲಾಗದು. ಹತ್ತು ಉಂಡೆ ಕಟ್ಟಿದರೆ ಹತ್ತರಲ್ಲೂ ಬಾಡು, ಹತ್ತರಲ್ಲೂ ಸೊಪ್ಪು. ಮಾವನ ಉಂಡೆಗೂ ಸೊಸೆಯ ಉಂಡೆಗೂ ಭೇದವಿಲ್ಲ. ಸೌಟಿನ ಪಕ್ಷಪಾತ ಮುರಿಯಲು ಇದಕ್ಕಿಂತ ಸುಲಭದ ಉಪಾಯ ನನಗೆ ಹೊಳೆಯದು. ತುಂಡಿನ ಸಾರೇ ಮಾಡುವ ದಿನ ಮೊದಲು ಎಲ್ಲರ ತಟ್ಟೆಗೂ ಎಣಿಸಿ ಬಡಿಸಿ, ನಿಮ್ಮ ತಟ್ಟೆಯನ್ನೂ ಆ ಸಾಲಿನಲ್ಲೇ ಇಡಿ. ಬೀದಿಯಲ್ಲಿ ಗುಡ್ಡೆ ಹಾಕಲು ಬರುವ ನ್ಯಾಯ ಮನೆಯೊಳಗೂ ಬರಲಿ.

ಸೋಮವಾರ, ಶನಿವಾರ ಬಿಡುವವರು ಬಿಡಲಿ, ಶ್ರಾವಣ ಆಚರಿಸುವವರು ಆಚರಿಸಲಿ, ಎಂದೂ ಮುಟ್ಟದವರು ಮುಟ್ಟದಿರಲಿ. ತಿನ್ನುವ ಮನೆಯವರು ಮಾತ್ರ ಸೊಪ್ಪು ಬೆರೆಸಿದ್ದಕ್ಕೆ ನಾಚುವುದನ್ನು ಬಿಡಬೇಕು. ಮುಂದಿನ ಬೀಗರೂಟದಲ್ಲಿ ಅವರೆಬೇಳೆ ಬಾಡನ್ನೋ ಮೆಂತ್ಯದ ಕೈಮಾವನ್ನೋ ಎಲೆಯ ಮಧ್ಯಕ್ಕೇ ಬಡಿಸಿ, ಅದರ ಹೆಸರನ್ನೂ ಗಟ್ಟಿಯಾಗಿ ಹೇಳಿ. ಯಾರಾದರೂ, "ಬಾಡಿಗಿಂತ ಸೊಪ್ಪೇ ಜಾಸ್ತಿಯಾಯ್ತಲ್ಲಮ್ಮಾ" ಎಂದರೆ, "ಹೌದಣ್ಣಾ, ಈ ಸಲ ಎಲ್ಲರಿಗೂ ಸಿಗಲಿ ಅಂತ ಹಾಕಿದೀನಿ" ಎಂದು ತಲೆಯೆತ್ತಿ ಉತ್ತರ ಕೊಡಿ.